ಕೌದಿಯ ಕೊನೆಯ ಮೂಲೆ

ತನ್ನ ಚಿತ್ರವೊಂದು ದೊಡ್ಡ ಕಂಪನಿಯ ಗೋಡೆಯ ಮೇಲಿದೆ, ಅದರ ಕೆಳಗೆ ಹಿತ್ತಾಳೆಯ ತಗಡಿನ ಮೇಲೆ ಇಂಗ್ಲಿಷಿನಲ್ಲಿ ‘ಸೋತವಳು’ ಎಂದು ಕೆತ್ತಿಸಿದ್ದಾರೆ ಎಂಬ ಸುದ್ದಿ ಮುಟ್ಟಿದಾಗ ಸುಗಲಮ್ಮನ ಕೈಯಲ್ಲಿ ಅರ್ಧ ಬಡಿದ ಜೋಳದ ರೊಟ್ಟಿ ಇತ್ತು. ಅವಳು ಬಡಿಯುವುದನ್ನು ನಿಲ್ಲಿಸಲಿಲ್ಲ. ಅರ್ಧಕ್ಕೆ ಬಿಟ್ಟರೆ ರೊಟ್ಟಿಯ ಅಂಚು ಸೀಳುತ್ತದೆ. ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ, ಉಬ್ಬಿದ್ದನ್ನು ಕೆಳಗಿಳಿಸಿದ ಮೇಲೆ ಕೇಳಿದಳು.

“ಯಾರ ಸೋತಾರ?”

“ನೀವರಿ,” ಎಂದಳು ಗಾನವಿ.

ಗಾನವಿ ಹುಬ್ಬಳ್ಳಿಯ ಹುಡುಗಿ. ಎರಡು ಸಾವಿರದ ಏಳರ ಆ ಹೊತ್ತಿಗೆ ತೆಲುಗು ನಾಡಿನ ರಾಜಧಾನಿಯ ಅಂಚಿನ ಉಪ್ಪಲ್‌ನಲ್ಲಿ ಮೊನ್ನೆ ಬಂಡೆ ಇದ್ದ ಜಾಗದಲ್ಲಿ ಇವತ್ತು ಗಾಜಿನ ಕಟ್ಟಡ ಏಳುತ್ತಿತ್ತು. ಅಂಥದೊಂದು ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಅವಳಿಗೆ ಕೆಲಸ. ಕರ್ನಾಟಕದ ಕಡೆಯಿಂದ ಬಂದ ಅವಳಂಥ ಹುಡುಗ ಹುಡುಗಿಯರು ಸಂಜೆ ಸುಗಲಮ್ಮನ ಬಾಗಿಲಲ್ಲಿ ರೊಟ್ಟಿಗೆ ಕಾದು ನಿಲ್ಲುವುದು ರೂಢಿ. ಅಡುಗೆಯ ಬೆಂಚು ಒಂದು ಕಾಲು ಗಿಡ್ಡವಾಗಿ ಅಲ್ಲಾಡುತ್ತಿತ್ತು. ರೊಟ್ಟಿ ಬಡಿಯುವ ಸದ್ದಿಗೆ ಅದರ ಲಟಲಟ ತಾಳ ಹಾಕುತ್ತಿತ್ತು.

ಹೇಗೆ ಗುರುತು ಹಿಡಿದೆ ಎಂದು ಸುಗಲಮ್ಮ ಕೇಳಿದಳು. ಗಾನವಿ ಅವಳ ಎಡ ಮುಂಗೈಯ ಹಚ್ಚೆ ತೋರಿಸಿದಳು. ಅಲ್ಲೊಂದು ಚೇಳು ಇತ್ತು, ಏಳೇ ಕಾಲಿನದು. ಆರು ವರ್ಷದ ಹುಡುಗಿ ಇದ್ದಾಗ ಹಚ್ಚೆ ಚುಚ್ಚುವವಳ ಕೈಯಿಂದ ಸುಗಲಮ್ಮ ಬಿಡಿಸಿಕೊಂಡು ಓಡಿದ್ದಳು. ಎಂಟನೇ ಕಾಲು ಅಲ್ಲಿಗೇ ಉಳಿಯಿತು. ಆ ಚಿತ್ರದ ಹೆಂಗಸಿನ ಮುಂಗೈ ಮೇಲೂ ಏಳು ಕಾಲಿನ ಚೇಳು ಇದೆ ಎಂದಳು ಗಾನವಿ. ಎಂಟು ತಿಂಗಳಿಂದ ದಿನಾ ನೋಡುತ್ತಿದ್ದರೂ ಮುಖ ಹೊಳೆದಿರಲಿಲ್ಲ, ಇವತ್ತು ಚೇಳು ಹೊಳೆಯಿತು.

“ಸೂರ್ಯನಾರಾಯಣ ಮಾಸ್ತರ ಚಿತ್ರ ಅದು,” ಎಂದು ಸುಗಲಮ್ಮ ಹಿಟ್ಟಿನ ಕೈ ಒರೆಸಿಕೊಂಡಳು. “ಹದಿನೆಂಟು ವರ್ಷ ಆತು. ಮುಗದದ್ದು ನಾ ನೋಡೇ ಇಲ್ಲ.”

ಸೂರ್ಯನಾರಾಯಣ ಮಾಸ್ತರು ರಾಯಚೂರಿನವರು. ಇದೇ ಊರಿನ ಕೋಠಿ ಪೇಟೆಯ ಹಿಂದಿನ ಓಣಿಯಲ್ಲಿ ಒಂದು ಮಾಳಿಗೆ ಕೋಣೆ ಹಿಡಿದು, ಹಗಲು ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ, ಉಳಿದ ಹೊತ್ತಿನಲ್ಲಿ ಬಣ್ಣದಲ್ಲಿ ಮುಳುಗಿರುತ್ತಿದ್ದರು. ಸುಗಲಮ್ಮ ಆಗ ಕೋಠಿಯ ಫುಟ್‌ಪಾತಿನಲ್ಲಿ ಕೂತು ಕೌದಿ ಹೊಲಿಯುತ್ತಿದ್ದಳು. ಗಂಡ ಕಟ್ಟಡದ ಕೆಲಸದಲ್ಲಿ ಬಿದ್ದು ತೀರಿಕೊಂಡು ಎರಡು ವರ್ಷವಾಗಿತ್ತು. ಬೇಗಂ ಬಜಾರಿನ ಅಂಗಡಿಗಳಿಂದ ಚಿಂದಿ ತಂದು, ತುಂಡಿಗೆ ತುಂಡು ಕೂಡಿಸಿ, ಯಾರದೋ ಹಾಸಿಗೆಗೆ ಬೆಚ್ಚಗೆ ಮಾಡಿಕೊಡುವುದು ಅವಳ ಬದುಕು. ಮಾಸ್ತರು ಒಂದು ದಿನ ನಿಂತು ನೋಡಿದರು, ಮರುದಿನ ಕೇಳಿದರು: ಕೂಲಿ ಕೊಡುತ್ತೇನೆ, ಬಂದು ಸುಮ್ಮನೆ ಕೂತಿರುತ್ತೀರಾ?

ಕೂತಿರುವುದೂ ಒಂದು ಕೆಲಸವೇ ಎಂದು ನಗುವವರು ಒಮ್ಮೆ ಕೂತು ನೋಡಬೇಕು. ಮೊದಲ ದಿನ ಎತ್ತರದ ಮೇಜಿನ ಮೇಲೆ ಹತ್ತಿಸಿ, ಹೇಗಾದರೂ ಕೂತಿರಿ ಎಂದರು ಮಾಸ್ತರು. ಕೈ ಖಾಲಿ ಇಟ್ಟುಕೊಂಡು ಕೂತು ಅವಳಿಗೆ ರೂಢಿಯಿಲ್ಲ. ತೊಡೆಯ ಮೇಲಿದ್ದ ಕೌದಿ ಮುಕ್ಕಾಲು ಪಾಲು ಮುಗಿದು ಒಂದೇ ಮೂಲೆ ಉಳಿದಿತ್ತು. ಸೂಜಿಗೆ ದಾರ ಪೋಣಿಸೋಣವೆಂದು ದಾರದ ತುದಿ ಬಾಯಿಗಿಟ್ಟು ಒದ್ದೆ ಮಾಡಿ, ಸೂಜಿಯನ್ನು ಬೆಳಕಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿದಳು.

“ಹಂಗ ಇರ್ರಿ,” ಎಂದರು ಮಾಸ್ತರು. “ಅಲ್ಲಾಡಬ್ಯಾಡ್ರಿ.”

ಹಾಗೆ ಹತ್ತೊಂಬತ್ತು ದಿನ. ಚಹಾಕ್ಕೆಂದು ಇಳಿದರೆ ಮತ್ತೆ ಅದೇ ಜಾಗದಲ್ಲಿ ಕೂರಬೇಕಲ್ಲ, ಅದಕ್ಕೆ ಅವಳ ಸುತ್ತ ಮೇಜಿನ ಮೇಲೆ ಸೀಮೆಸುಣ್ಣದ ಗೆರೆ, ದಿಟ್ಟಿ ತಪ್ಪದಂತೆ ಎದುರು ಗೋಡೆಯ ಮೇಲೆ ಇದ್ದಿಲಿನ ಚುಕ್ಕೆ. ಕೌದಿಯ ಆ ಮೂಲೆ ಹತ್ತೊಂಬತ್ತು ದಿನವೂ ತೆರೆದೇ ಇತ್ತು. ಸುಗಲಮ್ಮನ ಕಡೆ ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಮುಚ್ಚುವುದಿಲ್ಲ. ಕೊನೆಯ ಮೂಲೆಯಲ್ಲಿ ಹೋಳಿಗೆಯದೋ ಬೆಲ್ಲದ ರೊಟ್ಟಿಯದೋ ಒಂದು ತುತ್ತು ಇಟ್ಟು, ಆಮೇಲೆ ಹೊಲಿಯುತ್ತಾರೆ. ಹೊದ್ದವರ ಹೊಟ್ಟೆ ತಣ್ಣಗಿರಲಿ ಎಂದು. ಆ ತುತ್ತಿಗೆ ದಿನಾ ಇರುವೆ ಬರುತ್ತಿದ್ದವು. ದಿನಾ ಹೊಸ ಹೋಳಿಗೆ ಚೂರು ಇಡುತ್ತಿದ್ದಳು. ಹಳೆಯದನ್ನು ಮಾಸ್ತರು ಇರುವೆ ಕೊಡವಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಹನ್ನೆರಡನೆಯ ದಿನ ಮೈದುನ ಚನ್ನಬಸಪ್ಪ ಬಂದ. ಊರಿನಿಂದ ಯಾರೋ ಸುದ್ದಿ ಮುಟ್ಟಿಸಿದ್ದರು. ಬಾಗಿಲು ದೂಡಿಕೊಂಡು ಬಂದವನು, ಮನೆತನದ ಹೆಣ್ಣುಮಗಳು ಪರಗಂಡಸಿನ ಮುಂದೆ ಮೇಜು ಹತ್ತಿ ಕೂತಿದ್ದಾಳೆಂದು ಓಣಿಗೆಲ್ಲ ಕೇಳುವಂತೆ ಬೈದ. ಊರಿಗೆ ನಡೆ ಎಂದ. ಸುಗಲಮ್ಮ ಮಾತಾಡಲಿಲ್ಲ, ಬಾಯಲ್ಲಿ ದಾರವಿತ್ತು. ಮುಚ್ಚಿದ ಕಣ್ಣು ತೆರೆಯಲಿಲ್ಲ, ಎತ್ತಿದ ಕೈ ಇಳಿಸಲಿಲ್ಲ. ಅವನು ಕೌದಿಯ ಅಂಚು ಹಿಡಿದು ಎಳೆದ. ಅವಳು ಮೊಣಕಾಲಿನಲ್ಲಿ ಒತ್ತಿ ಹಿಡಿದಳು. ಅವನು ಎಳೆದ, ಅವಳು ಹಿಡಿದಳು. ಬಹಳ ಹೊತ್ತು ಹಾಗೇ ನಡೆದು, ಕೊನೆಗೆ ಅವನು ಬಿಟ್ಟ. ಮಾಸ್ತರು ಇಷ್ಟೂ ಹೊತ್ತು ಚಿತ್ರದ ಹಲಗೆಯ ಹಿಂದೆ ಒಂದು ಮಾತೂ ಆಡದೆ ನಿಂತಿದ್ದರು. ಹೆದರಿಕೊಂಡರು ಪಾಪ ಎಂದುಕೊಂಡಿದ್ದಳು ಸುಗಲಮ್ಮ. ಅದೊಂದು ಮುಳ್ಳು ಅವಳ ಮನಸ್ಸಿನಲ್ಲಿ ಹದಿನೆಂಟು ವರ್ಷ ಇತ್ತು.

ಹತ್ತೊಂಬತ್ತನೆಯ ದಿನ ಮಾಸ್ತರು ಹಲಗೆಗೆ ಬಟ್ಟೆ ಮುಚ್ಚಿ, ನಿಮ್ಮ ಪಾಲಿನದು ಮುಗಿಯಿತು, ಉಳಿದದ್ದು ಇನ್ನು ನನ್ನ ಕನಸಿನಲ್ಲಿ ಬರಬೇಕು ಎಂದರು. ಬಂತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಅವರು ಕೋಣೆ ಬದಲಿಸಿದರು, ಆಮೇಲೆ ಕಾಯಿಲೆ ಬಿದ್ದರು, ಆಮೇಲೆ ಇಲ್ಲವಾದರು.

ಈಗ ಅದರ ಕೆಳಗೆ ತಗಡು.

“ನಾ ನೋಡಬೇಕಲ್ಲ,” ಎಂದಳು ಸುಗಲಮ್ಮ.

ಗಾನವಿಯ ಕಂಪನಿಯಲ್ಲಿ ವರ್ಷಕ್ಕೊಮ್ಮೆ ನೌಕರರ ಮನೆಯವರನ್ನು ಕರೆದು ಊಟ ಹಾಕುವ ಶನಿವಾರವೊಂದಿತ್ತು. ಗಾನವಿಯ ಅಪ್ಪ ಅವ್ವನಿಗೆ ಆ ಸಲ ಬರಲು ಆಗುವಂತಿರಲಿಲ್ಲ. ರಿಜಿಸ್ಟರಿನಲ್ಲಿ ಬಂದವರ ಹೆಸರಿನ ಮುಂದೆ ಸಂಬಂಧ ಬರೆಯುವ ಕಡೆ ಅವಳು ‘ದೊಡ್ಡಮ್ಮ’ ಎಂದು ಬರೆದಳು.

ಸುಗಲಮ್ಮ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಕೈಚೀಲ ಹಿಡಿದು ಬಂದಳು. ಚೀಲದಲ್ಲಿ ಪಕ್ಕದ ಮನೆಯ ಬಾಣಂತಿಗೆಂದು ಹೊಲಿಯುತ್ತಿದ್ದ ಕೂಸಿನ ಕೌದಿ ಇತ್ತು. ಎಲ್ಲಿಗೆ ಹೋದರೂ ಕೈಗೊಂದು ಕೆಲಸ ಇರಬೇಕು ಅವಳಿಗೆ. ಗೇಟಿನ ಕಾವಲಿನವನು ಪಾಲಮೂರಿನ ಹುಡುಗ, ಚೀಲ ತಡಕಾಡಿ ಕತ್ತರಿಯನ್ನೂ ಸುಣ್ಣದ ಡಬ್ಬಿಯನ್ನೂ ತೆಗೆದಿಟ್ಟುಕೊಂಡ. ಹೋಗುವಾಗ ಕೊಡುತ್ತೇನವ್ವ ಎಂದು ತೆಲುಗಿನಲ್ಲಿ ಹೇಳಿದ. ಸೆರಗಿನ ಒಳಮಗ್ಗುಲಿಗೆ ಚುಚ್ಚಿದ್ದ ಸೂಜಿ ಮಾತ್ರ ಅವನ ಕಣ್ಣಿಗೂ ಬೀಳಲಿಲ್ಲ, ಅವನ ಕೂಗುವ ಯಂತ್ರಕ್ಕೂ ತಿಳಿಯಲಿಲ್ಲ.

ಚಿತ್ರ ಒಳಗಿನ ದೊಡ್ಡ ಹಜಾರದ ಗೋಡೆಯ ಮೇಲಿತ್ತು, ಆಳುದ್ದ. ಸುಗಲಮ್ಮ ಮೂಗಿನ ಮೇಲೆ ಚಾಳೀಸು ಏರಿಸಿಕೊಂಡು ಎದುರು ನಿಂತಳು.

ಒಂದು ದೊಡ್ಡ ಕೆರೆ, ಕರಿನೀಲಿ ನೀರು. ನಡುನೀರಿನಲ್ಲಿ ಒಂದು ಎತ್ತರದ ಮೇಜು, ಅದರ ಮೇಲೆ ಹೆಂಗಸು. ಅವಳ ಕಾಲು ನೀರಿಗೆ ಮುಟ್ಟಿಲ್ಲ. ಸುತ್ತ ಮನೆಗಳು ತಲೆಕೆಳಗಾಗಿ ತೇಲುತ್ತಿವೆ, ಹಂಚಿನವು, ತಗಡಿನವು. ಅವಳ ತೊಡೆಯಿಂದ ಕೌದಿ ಇಳಿದು ಇಳಿದು ನೀರಿಗೆ ಬಿದ್ದು, ಬಿದ್ದಲ್ಲಿ ಹೊಲಗಳಾಗಿ ಹರಡಿದೆ. ಒಂದು ತುಂಡು ಹಸಿರು, ಒಂದು ಕೆಂಪು ಮಣ್ಣು, ಒಂದು ಹತ್ತಿಯ ಬಿಳಿ. ಕೌದಿಯ ಒಂದು ಮೂಲೆ ಬಾಯಿ ತೆರೆದಿದೆ, ಒಳಗೆ ಕೆಂಪು, ಕೆಂಪಿನ ನಡುವೆ ಹಳದಿಯ ದುಂಡನೆಯ ಚೂರು. ಹೆಂಗಸಿನ ಒಂದು ಕೈ ಮೇಲಕ್ಕೆ, ಒಂದು ಕೈ ತುಟಿಯ ಹತ್ತಿರ. ಒಂದು ಕಣ್ಣು ಮುಚ್ಚಿದೆ.

ಎದೆಮಟ್ಟ ನೀರಿನಲ್ಲಿ ನಿಂತ ಒಂದು ಆಡು ಕೌದಿಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದೆ. ಆಡಿನ ಗಡ್ಡ ತುದಿಯಲ್ಲಿ ಎರಡು ಸೀಳು.

ಸುಗಲಮ್ಮ ಹತ್ತಿರ ಹೋದಳು, ಹಿಂದೆ ಬಂದಳು, ಮತ್ತೆ ಹತ್ತಿರ ಹೋದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ಮುದುಕಿ ಅಳುತ್ತಿದ್ದಾಳೇನೋ ಎಂದು ಗಾನವಿಗೆ ಗಾಬರಿಯಾಯಿತು.

“ಏನಾತ್ರಿ ದೊಡ್ಡವ್ವ?”

“ಆ ಆಡು ನೋಡು. ನಮ್ಮ ಚನ್ನಬಸಪ್ಪನ ಮಾರಿ. ಅವನ ಗಡ್ಡ ಹಿಂಗ ಎರಡು ಸೀಳ ಇತ್ತು.” ನಗು ನಿಂತ ಮೇಲೆ ಸೆರಗು ಕೆಳಗಿಳಿಸಿದಳು. “ಮಾಸ್ತರು ಹೆದರಿದ್ದಿಲ್ಲ ಹಂಗಾದ್ರ. ಅವನನ್ನ ನೋಡಿ ಬರ್‍ಯಾಕತ್ತಿದ್ರು.”

ಹದಿನೆಂಟು ವರ್ಷದ ಮುಳ್ಳು ಅಷ್ಟು ಸುಲಭಕ್ಕೆ ಕಿತ್ತು ಬಂದುಬಿಟ್ಟಿತು. ಆಗ ಅವಳ ಕಣ್ಣು ಚಿತ್ರದ ಕೆಳಗಿನ ತಗಡಿನ ಮೇಲೆ ಬಿತ್ತು. ಓದಲು ಬರದಿದ್ದರೂ ಏನಿದೆಯೆಂದು ಗೊತ್ತಿತ್ತಲ್ಲ. ಮಾಸ್ತರು ಅಷ್ಟು ಚೆನ್ನಾಗಿ ನೋಡಿ ಬರೆದದ್ದನ್ನು ಯಾರೋ ಎರಡು ತಿರುಪು ಹಾಕಿ ಕೆಡಿಸಿದ್ದರು.

ಅಷ್ಟರಲ್ಲಿ ಒಂದು ಗುಂಪು ಬಂತು. ಬಂದ ಮನೆಯವರಿಗೆ ಚಿತ್ರಗಳನ್ನು ತೋರಿಸಿ ಅರ್ಥ ಹೇಳಲೆಂದು ಕಂಪನಿಯವರು ಮಧುರಾ ಎಂಬ ಹೆಂಗಸನ್ನು ಕರೆಸಿದ್ದರು. ಮೈಸೂರಿನವಳು, ನಲವತ್ತರ ಆಸುಪಾಸು, ಕೈಮಗ್ಗದ ಸೀರೆ, ಮೆದು ಮಾತು. ಈ ಗೋಡೆಗಳಿಗೆ ಚಿತ್ರಗಳನ್ನು ಆರಿಸಿ ಕೊಟ್ಟವಳೂ ಅವಳೇ. ಅವಳು ಇಂಗ್ಲಿಷಿನಲ್ಲಿ ಹೇಳುತ್ತ ಹೋದಳು, ಗಾನವಿ ಪಿಸುದನಿಯಲ್ಲಿ ಕನ್ನಡ ಮಾಡುತ್ತ ಹೋದಳು. ಇದು ದುಃಖದ ಚಿತ್ರವಂತೆ. ತಲೆಕೆಳಗಾದ ಮನೆಗಳೆಂದರೆ ಕಳೆದುಹೋದ ಊರು. ನೆಲ ಸಿಗದ ಕಾಲು ಎಂದರೆ ಬೇರು ಕಿತ್ತ ಬದುಕು. ಬಾಯಿಯ ಹತ್ತಿರದ ಕೈ ಎಂದರೆ ನುಂಗಿಕೊಂಡ ಅಳು. ಮುಚ್ಚಿದ ಕಣ್ಣು ಎಂದರೆ ಅರ್ಧ ಸಾವು. ದಾರವಿಲ್ಲದ ಸೂಜಿ ಎಂದರೆ ಇನ್ನು ಯಾವುದನ್ನೂ ಕೂಡಿಸಲಾಗದು ಎಂಬ ನಿರಾಸೆ. ಕೌದಿಯ ಮೂಲೆ ಗಾಯ, ಅದರೊಳಗೆ ಬಿದ್ದ ಚಂದ್ರ. ಆಡು ಬಲಿಯ ಪ್ರಾಣಿ. ಆದ್ದರಿಂದ ಇವಳು ಸೋತವಳು.

ಜನ ತಲೆದೂಗಿದರು. ಒಬ್ಬ ಮುದುಕರು ಕನ್ನಡಕ ತೆಗೆದು ಒರೆಸಿಕೊಂಡರು.

“ಬಾಯಾರ,” ಎಂದು ಮಧುರಾಳನ್ನು ಕರೆದಳು ಸುಗಲಮ್ಮ. ಗಾನವಿ ಅವಳ ಮೊಣಕೈ ಹಿಡಿದಳು. ಸುಗಲಮ್ಮ ಮೆಲ್ಲಗೆ ಬಿಡಿಸಿಕೊಂಡಳು. “ನಿಮಗ ಕನ್ನಡ ಬರತೈತಿ ಅಂತ ಈ ಹುಡುಗಿ ಹೇಳಿದ್ಲು. ಒಂದು ಮಾತು ಹೇಳ್ಲ್ಯಾ?”

ಮಧುರಾ ನಕ್ಕು, ಹೇಳಿಯಮ್ಮ ಎಂದಳು.

“ಅಕಿ ಬೋಳು ಹಣಿ ನೋಡಿ ಗಂಡ ಸತ್ತಾಕಿ ಅಂದಿದ್ರ ಅದು ಖರೆ. ಅಂವ ಸತ್ತಿದ್ದ. ಆದ್ರ ನಾ ಸತ್ತಿದ್ದಿಲ್ಲ.” ಮುಂಗೈ ಮುಂದೆ ಚಾಚಿದಳು.

ಮಧುರಾ ಚೇಳನ್ನು ನೋಡಿದಳು, ಚಿತ್ರ ನೋಡಿದಳು, ಮತ್ತೆ ಚೇಳು ನೋಡಿದಳು. ಗುಂಪಿನಲ್ಲಿ ಗುಜುಗುಜು ಎದ್ದಿತು. ಗಾನವಿ ತೆಲುಗಿನಲ್ಲೂ ಹಿಂದಿಯಲ್ಲೂ ಹೇಳಿದ ಮೇಲೆ ಹಿಂದಿನವರು ಮುಂದೆ ಒತ್ತಿಕೊಂಡು ಬಂದರು.

ಸುಗಲಮ್ಮ ಸೆರಗಿನಿಂದ ಸೂಜಿ ಬಿಡಿಸಿದಳು, ಅದಕ್ಕೆ ಸುತ್ತಿದ್ದ ದಾರವನ್ನೂ. “ನನಗ ಈಗ ಕಣ್ಣು ಮಂಜು. ಇದಕ್ಕ ದಾರ ಪೋಣಿಸಿ ಕೊಡ್ರಿ, ನಿಮಗ ಪುಣ್ಯ ಬರಲಿ.”

ಮುದುಕಿ ಕೇಳಿದ ಸಣ್ಣ ಕೆಲಸ, ಯಾರು ಇಲ್ಲವೆನ್ನುತ್ತಾರೆ. ಮಧುರಾ ಸೂಜಿ ತೆಗೆದುಕೊಂಡಳು. ದಾರದ ತುದಿ ಎಳೆಎಳೆಯಾಗಿತ್ತು, ಒಳಗೆ ಹೋಗಲಿಲ್ಲ. ತುದಿಯನ್ನು ತುಟಿಗಿಟ್ಟು ಒದ್ದೆ ಮಾಡಿದಳು. ಸೂಜಿಯನ್ನು ಬೆಳಕಿಗೆ ಎತ್ತಿ ಹಿಡಿದಳು. ಒಂದು ಕಣ್ಣು ಮುಚ್ಚಿದಳು.

“ಹಂಗ ಇರ್ರಿ,” ಎಂದಳು ಸುಗಲಮ್ಮ. “ಅಲ್ಲಾಡಬ್ಯಾಡ್ರಿ.”

ಯಾಕೆಂದು ತಿಳಿಯದೆ ಮಧುರಾ ಹಾಗೇ ನಿಂತಳು.

“ಈಗ ಎಲ್ಲಾರೂ ನೋಡ್ರಿ. ಬಾಯಾರು ಅಳು ನುಂಗಾಕತ್ತಾರೇನು? ಅರ್ಧ ಸತ್ತಾರೇನು?”

ಮೊದಲು ನಕ್ಕದ್ದು ಒಂದು ಚಿಕ್ಕ ಹುಡುಗಿ. ಅವಳು ಮಧುರಾಳನ್ನು ತೋರಿಸಿ, ಗೋಡೆಯನ್ನು ತೋರಿಸಿ, ತನ್ನದೂ ಒಂದು ಕಣ್ಣು ಮುಚ್ಚಿದಳು. ಆಮೇಲೆ ಇಡೀ ಗುಂಪೇ ನಕ್ಕಿತು. ಗಂಡಸರಿಗಿಂತ ಹೆಂಗಸರು ಮೊದಲು ನಕ್ಕರು. ಅವರಲ್ಲಿ ಸೂಜಿ ಹಿಡಿಯದವರು ಕಡಿಮೆ. ಮಧುರಾಳ ಮುಖ ಕೆಂಪಾಯಿತು. ಆದರೆ ಅವಳು ಕೈ ಇಳಿಸುವ ಮೊದಲು ದಾರ ಪೋಣಿಸಿ ಮುಗಿಸಿದಳು. ಅದನ್ನು ಸುಗಲಮ್ಮ ಗಮನಿಸಿದಳು. ಕೆಲಸ ಅರ್ಧಕ್ಕೆ ಬಿಡುವವಳಲ್ಲ, ಮಾತಾಡಬಹುದು ಎಂದುಕೊಂಡಳು.

ಮೂಲೆಯ ವಿಷಯ ಹೇಳಿದಳು, ಹೋಳಿಗೆಯ ವಿಷಯ ಹೇಳಿದಳು, ಚನ್ನಬಸಪ್ಪನ ಗಡ್ಡದ ವಿಷಯ ಹೇಳಿದಳು. ನೀರು ಮತ್ತು ಮನೆಗಳ ಬಗ್ಗೆ ತನಗೇನೂ ಗೊತ್ತಿಲ್ಲ, ಅದು ಮಾಸ್ತರ ಕನಸು, ಅದರಲ್ಲಿ ದುಃಖ ಇದ್ದರೆ ಇರಬಹುದು ಎಂದೂ ಹೇಳಿದಳು. ಸುತ್ತ ಮನೆ ಮಾರೆಲ್ಲ ತಲೆಕೆಳಗಾದರೂ ನಡುವೆ ಕೂತ ಹೆಂಗಸು ಸೂಜಿ ಬಿಟ್ಟಿಲ್ಲ, ಆಡು ಎಳೆದರೂ ಕೌದಿ ಬಿಟ್ಟಿಲ್ಲ. ಇಂಥವಳನ್ನು ಸೋತವಳು ಎನ್ನುವುದು ಯಾವ ನ್ಯಾಯ?

ಮಧುರಾ ಬಹಳ ಹೊತ್ತು ಚಿತ್ರವನ್ನೇ ನೋಡಿದಳು. ಸಿಟ್ಟಿರಲಿಲ್ಲ ಅವಳಿಗೆ, ಆದರೆ ಸುಲಭಕ್ಕೆ ಬಿಟ್ಟುಕೊಡಲೂ ಮನಸ್ಸಿರಲಿಲ್ಲ. “ನೀವು ಹೇಳಿದ್ದು ನನಗೆ ಹೊಳೆದಿರಲಿಲ್ಲಮ್ಮ, ಒಪ್ಪುತ್ತೀನಿ. ಆದರೆ ಚಿತ್ರ ಮುಗಿದ ಮೇಲೆ ಅದು ಬರೆದವರದ್ದೂ ಅಲ್ಲ, ಕೂತವರದ್ದೂ ಅಲ್ಲ. ನೋಡೋರದ್ದು. ನನಗೆ ದುಃಖ ಕಂಡಿದ್ದು ಸುಳ್ಳಲ್ಲ.”

“ನೋಡಾವ್ರು ಏನು ಬೇಕಾದ್ರೂ ನೋಡ್ಲಿ ತಂಗಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ತಗಡು ಹೊಡದು ಎಲ್ಲಾರ ಕಣ್ಣಿಗೂ ಒಂದ ಪಟ್ಟಿ ಕಟ್ಟಿದವ್ರು ಯಾರು?”

ಮಧುರಾಳ ಕಣ್ಣು ತಗಡಿನ ಕಡೆ ಹೋಯಿತು. ಅಷ್ಟರಲ್ಲಿ ದಿನೇಶ ಬಂದ. ಕಟ್ಟಡದ ಉಸ್ತುವಾರಿ ಅವನದು, ಅಂದಿನ ಹಬ್ಬದ ಓಡಾಟವೂ ಅವನ ತಲೆಯ ಮೇಲಿತ್ತು. ಕೆಟ್ಟವನಲ್ಲ, ಬೆಳಗಿನಿಂದ ಕೂತಿರಲಿಲ್ಲ ಅಷ್ಟೇ. ವಿಷಯ ಕೇಳಿಕೊಂಡು ಹಿಂದಿಯಲ್ಲಿ ಸಮಾಧಾನವಾಗಿಯೇ ಹೇಳಿದ: ಕಂಪನಿಯ ಚಿತ್ರಗಳ ಪುಸ್ತಕದಲ್ಲಿ ಈ ಹೆಸರು ಅಚ್ಚಾಗಿದೆ, ವಿಮೆಯ ಕಾಗದದಲ್ಲಿ ಇದೆ, ಹೆಸರು ಬದಲಿಸಬೇಕೆಂದರೆ ಅರ್ಜಿ ಕೊಡಬೇಕು, ಮೇಲಿನವರ ಸಭೆಯಲ್ಲಿ ಇಡೋಣ, ಈಗ ಊಟ ಮಾಡಿ ಅಮ್ಮ.

ಸುಗಲಮ್ಮನಿಗೆ ಸಭೆಗಳ ಅನುಭವ ಇತ್ತು. ಗಂಡ ಬಿದ್ದ ಕಟ್ಟಡದವರೂ ಮುಂದಿನ ಸಭೆಯಲ್ಲಿ ಇಡೋಣ ಎಂದಿದ್ದರು. ಅವಳು ಸುತ್ತ ನೋಡಿದಳು. ಚಿತ್ರದ ಅಡಿಗೆ, ತಗಡಿನ ಪಕ್ಕದಲ್ಲೇ, ಸೊಂಟಮಟ್ಟದ ಕಲ್ಲಿನ ಕಟ್ಟೆಯೊಂದಿತ್ತು. ಅದರ ಮೇಲೆ ಹೂಕುಂಡಗಳು. ಒಂದು ಕುಂಡ ಸರಿಸಿ, ಗಾನವಿಯ ಭುಜ ಹಿಡಿದು ಹತ್ತಿ ಕೂತಳು. ಕಾಲು ನೆಲಕ್ಕೆ ಮುಟ್ಟಲಿಲ್ಲ. ಚೀಲದಿಂದ ಕೂಸಿನ ಕೌದಿ ತೆಗೆದು ತೊಡೆಯ ಮೇಲೆ ಹರಡಿ, ಮಧುರಾ ಪೋಣಿಸಿಕೊಟ್ಟ ಸೂಜಿಯಿಂದ ಹೊಲಿಯತೊಡಗಿದಳು.

“ಇದು ಮುಗಿಯೋತನಕ ಏಳಂಗಿಲ್ಲ,” ಎಂದಳು. “ಮೂಲಿ ಹೊಲಿಯೂದು ತಗಡು ತೆಗೆದ ಮ್ಯಾಲ.”

ದಿನೇಶ ಕಾವಲಿನವರನ್ನು ಕರೆದ. ಬಂದವನು ಗೇಟಿನ ಪಾಲಮೂರಿನ ಹುಡುಗನೇ. ಅವನು ಹತ್ತಿರ ಬಂದು, ಮೇಲೆ ಚಿತ್ರ ನೋಡಿ, ಕೆಳಗೆ ಸುಗಲಮ್ಮನನ್ನು ನೋಡಿ, ಅವ್ವನನ್ನು ಮುಟ್ಟಲಾರೆ ಸಾರ್ ಎಂದು ಅಲ್ಲೇ ಕೈಕಟ್ಟಿ ನಿಂತ. ಸೂಜಿ ಒಳಗೆ ಹೇಗೆ ಬಂತು ಎಂಬ ಪ್ರಶ್ನೆಯೊಂದು ಎದ್ದಿತು, ಅದಕ್ಕೆ ಅವನು ಚಾವಣಿ ನೋಡಿದ.

ಆಗ ದಿನೇಶ ಗಾನವಿಯ ಕಡೆ ತಿರುಗಿದ. ಈಕೆ ನಿನ್ನ ಹೆಸರಿನಲ್ಲಿ ಒಳಗೆ ಬಂದವಳು, ಇದು ನಿನ್ನ ಕಡತಕ್ಕೆ ಹೋಗುತ್ತದೆ ಎಂದ.

ಸುಗಲಮ್ಮನ ಸೂಜಿ ನಿಂತಿತು. ತನಗೆ ಏನಾದರೂ ಚಿಂತೆಯಿಲ್ಲ, ಈ ಹುಡುಗಿಯ ಅನ್ನಕ್ಕೆ ಕಲ್ಲು ಬೀಳಬಾರದು. “ಹೋಗವ್ವ, ಊಟ ಮಾಡು ಹೋಗು,” ಎಂದಳು. “ಈ ಮುದುಕಿ ಯಾರೋ ನನಗ ಗೊತ್ತಿಲ್ಲ, ರೊಟ್ಟಿ ಮಾರಾಕಿ ಅಂತ ಹೇಳಿಬಿಡು. ನಾ ಬ್ಯಾಸರ ಮಾಡ್ಕೊಳ್ಳಂಗಿಲ್ಲ.”

ಗಾನವಿ ಹೋಗಲಿಲ್ಲ. ಅವಳು ಹೆದರಿದ್ದಳು. “ರಿಜಿಸ್ಟರಿನಾಗ ದೊಡ್ಡಮ್ಮ ಅಂತ ಬರದೀನ್ರಿ,” ಎಂದಳು. “ನಿಮ್ಮ ಹೆಸರು ತಪ್ಪು ಬರದಾರ ಅಂತ ಜಗಳಕ್ಕ ಬಂದು, ನಾ ಬರದ ಹೆಸರು ಸುಳ್ಳು ಅಂತ ಹ್ಯಾಂಗ ಹೇಳ್ಲಿ?” ಇನ್ನೊಂದು ಕುಂಡ ಸರಿಸಿ ಪಕ್ಕದಲ್ಲಿ ಕೂತಳು. ಅವಳ ಕಾಲೂ ನೆಲಕ್ಕೆ ಮುಟ್ಟಲಿಲ್ಲ.

ಹಾಗೆ ಒಂದೂವರೆ ಗಂಟೆ. ಊಟ ಮುಗಿಸಿದವರು ಎಲೆಅಡಿಕೆ ಜಗಿಯುತ್ತ ಹಜಾರಕ್ಕೇ ಬಂದರು. ಒಬ್ಬರು ಇನ್ನೊಬ್ಬರಿಗೆ ಹೇಳಿ, ಅವರು ಮತ್ತೊಬ್ಬರಿಗೆ ಹೇಳಿ, ಆಡಿನ ಕಥೆ ಕೊನೆಯವರಿಗೆ ಮುಟ್ಟುವಾಗ ಚನ್ನಬಸಪ್ಪನಿಗೆ ಕೊಂಬೂ ಬಂದಿದ್ದವು. ಇಷ್ಟು ದಿನ ಆ ಚಿತ್ರದ ಮುಂದೆ ಯಾರೂ ನಿಲ್ಲುತ್ತಿರಲಿಲ್ಲ, ತಗಡು ಓದಿ ಅಯ್ಯೋ ಎಂದು ಲಿಫ್ಟಿಗೆ ಹೋಗುತ್ತಿದ್ದರು. ಇವತ್ತು ಜನ ಸೂಜಿ ಹುಡುಕಿದರು, ತೆರೆದ ಮೂಲೆ ಹುಡುಕಿದರು, ಸಣ್ಣ ಬಿಳಿ ಗೆರೆಯೊಂದು ತುಟಿಯಿಂದ ಇಳಿದದ್ದನ್ನು ಆ ಚಿಕ್ಕ ಹುಡುಗಿ ಕಂಡುಹಿಡಿದಳು. ದಾರವೇ ಅದು. ಮಾಸ್ತರು ಬರೆದಿದ್ದರು. ಮಧುರಾಳೂ ಅದನ್ನು ನೋಡಿದಳು, ಬೆರಳಿನಿಂದ ಗಾಳಿಯಲ್ಲೇ ಆ ಗೆರೆ ಸವರಿದಳು.

ನಾಲ್ಕು ಗಂಟೆಗೆ ಕಂಪನಿಯ ದೊಡ್ಡವರು ಬಂದು ಇದೇ ಹಜಾರದಲ್ಲಿ, ಇದೇ ಗೋಡೆಯ ಮುಂದೆ ಎಲ್ಲರ ಜೊತೆ ಫೋಟೋ ತೆಗೆಸಿಕೊಳ್ಳುವುದೆಂದು ನಿಗದಿಯಾಗಿತ್ತು. ಇದನ್ನು ಗಾನವಿ ಹಿಂದಿನ ದಿನವೇ ಮಾತಿನ ನಡುವೆ ಹೇಳಿದ್ದಳು. ಸುಗಲಮ್ಮ ಮರೆತಿರಲಿಲ್ಲ. ಮೂರೂವರೆಯಾಗುತ್ತಿದ್ದಂತೆ ದಿನೇಶ ಗಡಿಯಾರ ನೋಡುವುದು ಹೆಚ್ಚಾಯಿತು. ಅವಳ ಹೊಲಿಗೆ ನಿಧಾನವಾಯಿತು.

ಮೂರೂ ನಲವತ್ತಕ್ಕೆ ಅವನು ಮಧುರಾಳನ್ನು ಬದಿಗೆ ಕರೆದು ಮಾತಾಡಿದ. ಆಮೇಲೆ ಬಂದು, ತಗಡನ್ನು ಸದ್ಯಕ್ಕೆ ತೆಗೆಯುತ್ತೇವೆ, ತಾತ್ಕಾಲಿಕವಾಗಿ ಮಾತ್ರ ಎಂದ. ಯಾರಾದರೂ ತಿರುಪು ಬಿಚ್ಚುವವರು ಬರಲಿ ಎಂದು ಫೋನು ತೆಗೆದ.

“ನಾನೇ ತೆಗೀತೀನಿ,” ಎಂದಳು ಮಧುರಾ. ಪರ್ಸಿನಿಂದ ಒಂದು ನಾಣ್ಯ ತೆಗೆದು ತಿರುಪಿನ ತಲೆಗೆ ಇಟ್ಟಳು. “ಆ ಮೇಷ್ಟ್ರ ಮನೆಯವರು ಕೊಟ್ಟ ಕಾಗದದಲ್ಲಿ ಚಿತ್ರಕ್ಕೆ ಹೆಸರೇ ಇರಲಿಲ್ಲಮ್ಮ. ಹೆಸರಿಲ್ಲದೆ ಗೋಡೆಗೆ ಹಾಕೋದು ಹೇಗೆ ಅಂತ ನಾನೇ ಬರೆದುಕೊಟ್ಟೆ. ಅರ್ಧ ಗಂಟೆ ಕೂಡ ನೋಡಿರಲಿಲ್ಲ.”

ಒಂದು ತಿರುಪು ಸುಲಭಕ್ಕೆ ಬಂತು. ಎರಡನೆಯದು ಕಚ್ಚಿಕೊಂಡಿತ್ತು, ಪಾಲಮೂರಿನ ಹುಡುಗ ಕೈಜೋಡಿಸಿದ. ತಗಡು ಕಳಚಿತು, ಗೋಡೆಯಲ್ಲಿ ಎರಡು ತೂತು ಉಳಿದವು.

ಹಾಗಾದರೆ ಹೊಸ ಹೆಸರು ಏನಿಡೋಣ, ನೀವೇ ಹೇಳಿ ಎಂದು ಮಧುರಾ ಕೇಳಿದಳು. ಜನರೂ ಕಾದರು. ಸುಗಲಮ್ಮನಿಗೆ ಒಂದು ಗಳಿಗೆ ಆಸೆಯಾಯಿತು. ಗೆದ್ದವಳು ಎನ್ನಬಹುದಿತ್ತು. ಆದರೆ ಗೆದ್ದದ್ದೂ ಸುಳ್ಳೇ. ಆ ದಿನ ಅವಳು ಸೂಜಿ ಹಿಡಿದು ಕೂತಿದ್ದಳು ಅಷ್ಟೇ, ಮೂಲೆ ಇನ್ನೂ ಹೊಲಿದಿರಲಿಲ್ಲ.

“ಖಾಲಿ ಇರ್ಲಿ ಬಿಡ್ರಿ. ಹೆಸರಿಲ್ಲಂದ್ರ ನಿಂತು ನೋಡ್ತಾರ.”

ಕೂಸಿನ ಕೌದಿಯ ಮೂಲೆ ಮುಚ್ಚಲು ಒಂದು ತುತ್ತು ಬೇಕಿತ್ತು. ಗಾನವಿ ಓಡಿಹೋಗಿ ಊಟದ ಕಡೆಯಿಂದ ಅರ್ಧ ಬೂಂದಿ ಲಾಡು ತಂದಳು. ಸುಗಲಮ್ಮ ಒಂದು ಚೂರು ಮೂಲೆಯೊಳಗೆ ಇಟ್ಟು, ಉಳಿದದ್ದನ್ನು ಹುಡುಗಿಯ ಬಾಯಿಗೆ ಹಾಕಿ, ಗಂಟು ಹಾಕುವವರೆಗೆ ಹೊಲಿದಳು. ದಾರವನ್ನು ಹಲ್ಲಿನಲ್ಲಿ ಕಡಿದಳು. ಕತ್ತರಿ ಗೇಟಿನಲ್ಲಿತ್ತಲ್ಲ. ಆಮೇಲೆ ಕಟ್ಟೆಯಿಂದ ಇಳಿದು, ಕುಂಡಗಳನ್ನು ಮೊದಲಿದ್ದ ಜಾಗಕ್ಕೆ ಸರಿಸಿ, ದಿನೇಶನಿಗೆ ಹೇಳಿದಳು, ಬೆಳಗಿನಿಂದ ಊಟ ಮಾಡಿಲ್ಲ ನೀನು, ಮುಖ ಬಾಡಿದೆ, ಫೋಟೋದಲ್ಲಿ ಚೆನ್ನಾಗಿ ಬರುವುದಿಲ್ಲ, ಏನಾದರೂ ತಿನ್ನು. ಅವನು ನಗಬೇಕೋ ಬೇಡವೋ ತಿಳಿಯದೆ ಹೋದ. ಗಾನವಿಯ ಕಡತದ ಮಾತು ಮತ್ತೆ ಎತ್ತಲಿಲ್ಲ.

ತಗಡನ್ನು ಏನು ಮಾಡುವುದೆಂದು ಮಧುರಾ ಕೈಯಲ್ಲಿ ಹಿಡಿದು ನಿಂತಿದ್ದಳು. ಸುಗಲಮ್ಮ ಕೇಳಿ ತೆಗೆದುಕೊಂಡಳು. ಗಟ್ಟಿ ಹಿತ್ತಾಳೆ, ಅರ್ಧ ಬೆರಳು ದಪ್ಪ.

ಆ ಸಂಜೆ ಅವಳು ಅದನ್ನು ಅಕ್ಷರ ಕೆಳಗೆ ಮಾಡಿ ಬೆಂಚಿನ ಗಿಡ್ಡ ಕಾಲಿನಡಿ ಇಟ್ಟಳು. ಅಳತೆಗೆ ಮಾಡಿಸಿದಂತೆ ಕೂತಿತು. ಲಟಲಟ ನಿಂತಿತು, ರೊಟ್ಟಿಯ ಸದ್ದು ಒಂದೇ ಉಳಿಯಿತು.

ತಾತ್ಕಾಲಿಕ ಎಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು. ಆದ್ದರಿಂದ ಪ್ರತಿ ವಾರ ರೊಟ್ಟಿಗೆ ಬಂದಾಗ ಗಾನವಿ ಗೋಡೆಯ ಸುದ್ದಿ ಹೇಳುವಳು: ಈ ವಾರವೂ ಖಾಲಿಯೇ ಇದೆ, ಇಬ್ಬರು ನಿಂತು ನೋಡುತ್ತಿದ್ದರು, ಒಬ್ಬ ಅದು ಖುಷಿಯ ಚಿತ್ರ ಎಂದು ವಾದಿಸುತ್ತಿದ್ದ, ಇನ್ನೊಬ್ಬಳು ಅಲ್ಲ ಎನ್ನುತ್ತಿದ್ದಳು.

“ಮಾಡ್ಲಿ ವಾದ,” ಎನ್ನುವಳು ಸುಗಲಮ್ಮ, ಹಿಟ್ಟಿನ ಉಂಡೆಯನ್ನು ಬೆಂಚಿನ ಮೇಲೆ ಬಡಿಯುತ್ತ. “ಮತ್ತ ತಗಡು ಹೊಡದ ದಿವಸ ಬಂದು ಹೇಳು. ಸೂಜಿ ಸೆರಗಿನಾಗ ಐತಿ.”